ಖಾಡಿ ದಂಡೆಯ ಹೊತ್ತಲ್ಲದ ಹೂಗಳು

ನವಿ ಮುಂಬೈಯವರಿಗೆ ಸಮುದ್ರ ಎಂದರೆ ಖಾಡಿ. ಮರಳಿಲ್ಲ, ಅಲೆಯ ಅಬ್ಬರವಿಲ್ಲ. ದಿನಕ್ಕೆರಡು ಸಲ ಉಬ್ಬರದ ನೀರು ಕೆಸರಿನ ಮೇಲೆ ಸದ್ದಿಲ್ಲದೆ ಏರುತ್ತದೆ, ಹಾಗೆಯೇ ಇಳಿಯುತ್ತದೆ. ನೆರೂಲ್, ಸೀವುಡ್ಸ್, ವಾಶಿ, ಐರೋಳಿ ಕಡೆಯವರ ಬೆಳಗಿನ ವಾಕಿಂಗ್ ನಡೆಯುವುದು ಈ ನೀರಿನ ಅಂಚಿನಲ್ಲಿ. ಒಂದು ಮಗ್ಗುಲಿಗೆ ಪಾಮ್ ಬೀಚ್ ರಸ್ತೆಯ ಗಾಡಿಗಳು, ಇನ್ನೊಂದು ಮಗ್ಗುಲಿಗೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಅಕ್ಟೋಬರ್ ಕೊನೆಗೋ ನವೆಂಬರಿನಲ್ಲೋ ದಾರಿಯ ಒಂದು ಕಕ್ಕೆ ಮರ ನಾಲ್ಕು ಹಳದಿ ಗೊಂಚಲು ಇಳಿಬಿಟ್ಟಿತೆಂದರೆ ವಾಕಿಂಗಿನ ಗುಂಪು ನಿಲ್ಲುತ್ತದೆ, ಫೋನುಗಳು ಹೊರಬರುತ್ತವೆ. ಮಂಗಳೂರು, ಉಡುಪಿ ಕಡೆಯವರು "ಇದು ಬಿಸು ಹಬ್ಬದ ಹೂವಲ್ವಾ ಮಾರಾಯ್ರೆ, ಈಗ ಎಂತ ಇದರ ಅವಸರ?" ಎನ್ನುತ್ತಾರೆ. ಮರಾಠಿ ಗೆಳೆಯರು "ಬಹಾವಾ, ಆತ್ತಾ?" ಎಂದು ಹುಬ್ಬೇರಿಸುತ್ತಾರೆ. ಮೂರನೆಯವರೊಬ್ಬರು ಇದೆಲ್ಲ ಹವಾಮಾನ ಬದಲಾವಣೆ ಎಂದು ತೀರ್ಪು ಕೊಟ್ಟು ಹೆಜ್ಜೆ ಹಾಕುತ್ತಾರೆ.

ತೀರ್ಪು ತುಸು ಬೇಗ ಬಂತು. ಕಕ್ಕೆ ಭರ್ಜರಿಯಾಗಿ ಅರಳುವುದು ಏಪ್ರಿಲ್–ಮೇ ತಿಂಗಳಲ್ಲಿ, ನಿಜ. ಆದರೆ ಮಳೆಗಾಲ ಮುಗಿದ ಮೇಲೆ ಕೆಲವು ಮರಗಳು ಅಲ್ಲೊಂದು ಇಲ್ಲೊಂದು ಗೊಂಚಲು ಬಿಡುವುದು ಈ ಊರುಗಳಲ್ಲಿ ಮೊದಲಿನಿಂದಲೂ ಕಂಡದ್ದೇ. ಮೇಲಾಗಿ ರಸ್ತೆಬದಿಯ ಕಕ್ಕೆ ಕಾಡಿನ ಮರವೂ ಅಲ್ಲ. ಈ ಊರು ಕಟ್ಟಿದ ಸರ್ಕಾರಿ ಸಂಸ್ಥೆ ಸಿಡ್ಕೊ ಹುಟ್ಟಿದ್ದು 1970ರಲ್ಲಿ, ಊರು ಎದ್ದದ್ದು ಆಮೇಲೆ, ಸಾಲುಮರಗಳೆಲ್ಲ ನರ್ಸರಿಯಿಂದ ಬಂದವು. ಪಾಲಿಕೆಯ ನೀರು ಕುಡಿದು ಬೆಳೆದ ಮರಕ್ಕೆ ಒಣಗಾಲದ ಬಿಸಿ ತಟ್ಟಿರುವುದಿಲ್ಲ. ಬುಡಕ್ಕೆ ಕಾಂಕ್ರೀಟು, ತಲೆಗೆ ಬೀದಿದೀಪ, ಮಳೆಗಾಲಕ್ಕೆ ಮುಂಚೆ ರೆಂಬೆಗಳಿಗೆ ಗರಗಸ. ಇಷ್ಟು ಅನುಭವಿಸಿದ ಮರ ಪಂಚಾಂಗ ಪಾಲಿಸಬೇಕೆಂದು ಬಯಸುವುದೇ ಹೆಚ್ಚು.

ಹೊತ್ತು ತಪ್ಪಿದೆ ಎನ್ನುವ ಮೊದಲು ಆ ಗಿಡ ಹೊತ್ತನ್ನು ಹೇಗೆ ತಿಳಿಯುತ್ತದೆ ಎಂದು ನೋಡಬೇಕು. ಕೆಲವಕ್ಕೆ ಹೊತ್ತೆಂಬುದೇ ಇಲ್ಲ. ಕಲ್ಲುಕಟ್ಟೆಯ ಸಂದಿನಲ್ಲಿ ನಿಂತ ಎಕ್ಕದ ಗಿಡ ವರ್ಷವಿಡೀ ಹೂ ಕೊಡುತ್ತದೆ. ಶನಿವಾರ ಠಾಣೆ, ಡೊಂಬಿವಲಿ ಸ್ಟೇಷನ್ ಹೊರಗೆ ಮಾರುತಿಗೆಂದು ಮಾರುವ ಹಾರಕ್ಕೆ ಯಾವ ತಿಂಗಳಲ್ಲೂ ಕೊರತೆಯಿಲ್ಲ. ಹಳ್ಳಿಯಲ್ಲಿ ಗಾಯಕ್ಕೆ ಸೊಪ್ಪು ಹಿಂಡುವ ಟ್ರೈಡ್ಯಾಕ್ಸ್ ಮಧ್ಯ ಅಮೆರಿಕದಿಂದ ಬಂದ ಕಳೆ. ಅದೂ ವರ್ಷವೆಲ್ಲ ಅರಳುತ್ತದೆ. ಉರಣ್ ಕಡೆ ಇಳಿದು ಮರಳಿನ ದಂಡೆ ಮುಟ್ಟಿದರೆ ಅಡುಂಬು ಬಳ್ಳಿ ಸಿಗುತ್ತದೆ. ಮಲ್ಪೆಯಲ್ಲೂ ಕಾರವಾರದಲ್ಲೂ ಮರಳಿನ ಮೇಲೆ ಹಬ್ಬಿರುವ, ಎಲೆಯ ತುದಿ ಸೀಳಿದ, ನೇರಳೆ ಹೂವಿನ ಅದೇ ಬಳ್ಳಿ. ಹೂ ಬೆಳಿಗ್ಗೆ ಬಿರಿದು ಬಿಸಿಲೇರಿದಂತೆ ಬಾಡುತ್ತದೆ, ನಾಳೆಗೆ ಇನ್ನೊಂದು. ಮರಾಠಿಯವರಿಗೆ ಇದು ಮರ್ಯಾದವೇಲ. ಜನವರಿಯಲ್ಲಿ ಇದರ ಹೂ ಕಂಡು ಬೆರಗಾಗುವವರು ಜುಲೈಯಲ್ಲಿ ಮಳೆಗೆ ಹೆದರಿ ದಂಡೆಗೆ ಹೋಗಿರುವುದಿಲ್ಲ, ಅಷ್ಟೆ.

ಖಾಡಿಯ ಖಾಸಾ ಹೂ ಬೇರೆಯೇ ಇದೆ. ಐರೋಳಿಯಲ್ಲೋ ವಾಶಿಯಲ್ಲೋ ಕಾಂಡ್ಲಾ ಮರಗಳ ಬುಡದಲ್ಲಿ, ನೀರು ಬಂದುಹೋಗುವ ಕೆಸರಿನಲ್ಲಿ ಸೊಂಟದೆತ್ತರಕ್ಕೆ ಒತ್ತಾಗಿ ಬೆಳೆದ ಮುಳ್ಳೆಲೆಯ ಪೊದೆ. ಎಲೆಯಂಚಿಗೆಲ್ಲ ಮುಳ್ಳು, ಮುಟ್ಟಿದರೆ ಚುಚ್ಚುತ್ತದೆ. ಮರಾಠಿಯಲ್ಲಿ ಮಾರಾಂಡಿ, ಕನ್ನಡದಲ್ಲಿ ಹೊಳೆಚುಳ್ಳಿ. ಇದರ ತೆನೆಯಲ್ಲಿ ಅರಳುವ ನೀಲಿನೇರಳೆ ಹೂವನ್ನು ಬಗ್ಗಿ ನೋಡಬೇಕು. ಮೇಲ್ದುಟಿಯೇ ಇಲ್ಲ, ಕೆಳದುಟಿ ಮಾತ್ರ ಅಗಲವಾಗಿ ಚಾಚಿದೆ, ನಡುವೆ ಹಳದಿಯ ಪಟ್ಟಿ. ಅದರ ಮೇಲೆ ನಾಲ್ಕು ಗಟ್ಟಿ ಕೇಸರಗಳು ಒಂದಕ್ಕೊಂದು ಒತ್ತಿಕೊಂಡು ಬಾಗಿಲು ಹಾಕಿರುತ್ತವೆ. ಸಣ್ಣ ನೊಣಗಳಿಗೆ ಈ ಬಾಗಿಲು ತೆಗೆಯುವ ಶಕ್ತಿಯಿಲ್ಲ. ಮರ ಕೊರೆದು ಗೂಡು ಮಾಡುವ ಕಪ್ಪು ಬಡಗಿ ದುಂಬಿ ದಢಕ್ಕನೆ ಬಂದಿಳಿದು ತಲೆಯಿಂದ ನೂಕಿ ಒಳನುಗ್ಗುತ್ತದೆ, ಬೆನ್ನಿಗೆ ಪರಾಗ ಬಳಿದುಕೊಂಡು ಹೊರಡುತ್ತದೆ. ಕಾಯಿ ಬಲಿತಾಗ ಪಟ್ಟನೆ ಸಿಡಿದು ಬೀಜ ದೂರಕ್ಕೆ ಹಾರುತ್ತದೆ.

ಮಾರಾಂಡಿ ಹೂವಿನ ಭರ ಬೇಸಿಗೆಯಲ್ಲಿ. ಆದರೆ ಈ ಗಿಡಕ್ಕೆ ಉಪ್ಪು ಕಡಿಮೆ ಇರುವ ಜಾಗ ಹೆಚ್ಚು ಹಿತ. ಠಾಣೆ ಖಾಡಿಯ ನೀರು ಮೇ ತಿಂಗಳಲ್ಲಿ ಹೆಚ್ಚುಕಡಿಮೆ ಸಮುದ್ರದಷ್ಟೇ ಉಪ್ಪು. ಜುಲೈಯಲ್ಲಿ ಗುಡ್ಡಗಳ ನೀರೆಲ್ಲ ಇಳಿದು ಬಂದಾಗ ಮೇಲ್ಭಾಗದಲ್ಲಿ ಸಿಹಿಯ ಸಮೀಪಕ್ಕೆ ಬರುತ್ತದೆ. ಇದು ಪ್ರಕೃತಿಯ ಲೆಕ್ಕ. ಊರಿನ ಲೆಕ್ಕ ಬೇರೆ: ನಾಲೆಗಳು, ಸಂಸ್ಕರಿಸಿ ಬಿಟ್ಟ ನೀರು, ಬಿಡದೆ ಹರಿಯುವ ಚರಂಡಿ ಎಲ್ಲವೂ ಹನ್ನೆರಡು ತಿಂಗಳೂ ಖಾಡಿಗೆ ಸಿಹಿನೀರು ಸುರಿಯುತ್ತಿವೆ. ನಾಲೆಯ ಬಾಯಲ್ಲಿ ನಿಂತ ಪೊದೆಗೂ ನೂರು ಮೀಟರು ಆಚೆಯ ಪೊದೆಗೂ ಕುಡಿಯುವ ನೀರೇ ಬೇರೆ. ಒಂದರಲ್ಲಿ ಹೂವಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಆಕಾಶ ನೋಡುವ ಮೊದಲು ಚರಂಡಿಯನ್ನು ನೋಡುವುದು ಜಾಣತನ.

ಮಾರಾಂಡಿಯ ಮೇಲೆ ನೆರಳು ಹಿಡಿದು ನಿಂತಿರುವ ಮರದ ಕತೆ ಇದಕ್ಕಿಂತ ಬಿಗಿ. ಠಾಣೆ ಖಾಡಿಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕಾಂಡ್ಲಾ ಜಾತಿಯೆಂದರೆ ತಿವರ, ಸಸ್ಯಶಾಸ್ತ್ರದವರ ಅವಿಸೆನಿಯಾ. ಎಲೆಯನ್ನು ನಾಲಿಗೆಗೆ ತಾಗಿಸಿದರೆ ಉಪ್ಪು. ಹೀರಿದ ಉಪ್ಪನ್ನು ಎಲೆಯ ಮೇಲೇ ಹೊರಹಾಕುವ ಮರ ಇದು. ಹೂ ಕಡ್ಲೆಕಾಳಿನಷ್ಟು ಚಿಕ್ಕದು, ಕಿತ್ತಳೆ ಹಳದಿ, ನಾಲ್ಕೇ ಎಸಳು. ವಾಕಿಂಗಿನವರ ಕಣ್ಣಿಗೆ ಬೀಳುವುದಿಲ್ಲ. ಜೇನ್ನೊಣಗಳಿಗೆ ಮಾತ್ರ ಅದರ ವಿಳಾಸ ಚೆನ್ನಾಗಿ ಗೊತ್ತು. ಬೇಸಿಗೆಯ ಕೊನೆಯಲ್ಲಿ ಹೂ, ಮಳೆಗಾಲದಲ್ಲಿ ಕಾಯಿ. ಬೀಜ ಮರದ ಮೇಲಿರುವಾಗಲೇ ಸಿಪ್ಪೆಯೊಳಗೆ ಮೊಳೆಯಲು ತೊಡಗುತ್ತದೆ. ಉದುರಿದ್ದು ನೀರಿನಲ್ಲಿ ತೇಲಿ, ಕೆಸರು ಸಿಕ್ಕಲ್ಲಿ ಕೆಲವೇ ದಿನಗಳಲ್ಲಿ ಬೇರು ಊರುತ್ತದೆ. ಎಳೆಸಸಿಗೆ ಕಡಿಮೆ ಉಪ್ಪಿನ ನೀರು ಸಿಗುವುದು ಮಳೆಗಾಲದಲ್ಲೇ ಆದ್ದರಿಂದ ಈ ಮರಕ್ಕೆ ಹೊತ್ತು ತಪ್ಪುವುದೆಂದರೆ ಆ ವರ್ಷದ ಸಂತಾನಕ್ಕೇ ಕುತ್ತು. ಆಸ್ಟ್ರೇಲಿಯಾದ ವಿಜ್ಞಾನಿ ನಾರ್ಮನ್ ಡ್ಯೂಕ್ ಇದೇ ಜಾತಿಯ ಮರಗಳನ್ನು ಬೇರೆಬೇರೆ ಅಕ್ಷಾಂಶಗಳಲ್ಲಿ ಗಮನಿಸಿ 1990ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಗಲು ಉದ್ದವಾಗುವುದು ಹೂವಿನ ತಯಾರಿಗೆ ಸೂಚನೆ, ಅಲ್ಲಿಂದ ಮುಂದಿನ ವೇಗ ಉಷ್ಣತೆಯ ಕೈಯಲ್ಲಿ ಎಂಬುದು ಅದರ ಸಾರ. ಒಂದು ತಾರೀಕಿನ ಹಗಲಿನ ಉದ್ದ ವರ್ಷದಿಂದ ವರ್ಷಕ್ಕೆ ಬದಲಾಗದು, ಬಿಸಿ ಬದಲಾಗುತ್ತದೆ.

ಹಗಲು ರಾತ್ರಿಗಳ ಉದ್ದಕ್ಕೆ ಗಿಡ ಕಿವಿಗೊಡುತ್ತದೆ ಎಂಬುದು ಗೊತ್ತಾದದ್ದೇ ಹೊತ್ತಲ್ಲದ ಹೊತ್ತಿನ ಒಂದು ತಂಬಾಕಿನಿಂದ. ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್ ಬೆಳೆಸುತ್ತಿದ್ದ ಒಂದು ದೈತ್ಯ ತಳಿ ಬೇಸಿಗೆಯಲ್ಲಿ ಹೂ ಬಿಡದೆ ಬೆಳೆಯುತ್ತಲೇ ಹೋಗುತ್ತಿತ್ತು, ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಮಾತ್ರ ಅರಳುತ್ತಿತ್ತು. ಬೇಸಿಗೆಯ ಗಿಡಗಳನ್ನು ಮಧ್ಯಾಹ್ನವೇ ಕತ್ತಲೆ ಕೋಣೆಗೆ ಸೇರಿಸಿ ಹಗಲನ್ನು ಮೊಟಕು ಮಾಡಿದಾಗ ಅವೂ ಅರಳಿದವು. 1920ರಲ್ಲಿ ಅವರು ಇದನ್ನು ಪ್ರಕಟಿಸಿದರು. ಪುಸ್ತಕ ಬೇಡ ಎನ್ನುವವರು ರಾತ್ರಿ ಚಿಕ್ಕಬಳ್ಳಾಪುರದ ಕಡೆ ಬಸ್ಸಿನಲ್ಲಿ ಹೋದರೆ ಸಾಕು, ಸೇವಂತಿಗೆ ಹೊಲಗಳಲ್ಲಿ ಸಾಲುಸಾಲು ಬಲ್ಬು ಉರಿಯುವುದು ಕಾಣುತ್ತದೆ. ಸೇವಂತಿಗೆಗೆ ಮೊಗ್ಗು ಕಟ್ಟಲು ಉದ್ದನೆಯ ರಾತ್ರಿ ಬೇಕು. ದೀಪ ಹಾಕಿ ರಾತ್ರಿಯನ್ನು ತುಂಡರಿಸಿದರೆ ಗಿಡ ಮೊಗ್ಗನ್ನು ಮುಂದೂಡಿ ಎತ್ತರಕ್ಕೆ ಬೆಳೆಯುತ್ತದೆ, ರೈತ ಹಬ್ಬದ ಮಾರುಕಟ್ಟೆಗೆ ಸರಿಯಾಗಿ ಹೂ ತೆಗೆಯುತ್ತಾನೆ. ಪಾಮ್ ಬೀಚ್ ರಸ್ತೆಯ ದೀಪಗಳನ್ನು ಹಾಕಿದವರಿಗೆ ಅಂಥ ಉದ್ದೇಶವೇನೂ ಇರಲಿಲ್ಲ. ಅದರ ಕೆಳಗಿನ ಗಿಡಕ್ಕೆ ಮಾತ್ರ ಬೆಳಕು ಬೆಳಕೇ.

ಇನ್ನು ಮಳೆ ನಂಬಿದ ಹೂಗಳು. ಕೊಡಗು, ಚಿಕ್ಕಮಗಳೂರಿನವರಿಗೆ ಈ ಪಾಠ ಬೇಕಿಲ್ಲ. ಕಾಫಿಯ ಮೊಗ್ಗು ಒಣ ತಿಂಗಳುಗಳಲ್ಲಿ ಗಿಣ್ಣಿನಲ್ಲಿ ತೆಪ್ಪಗೆ ಕೂತಿರುತ್ತದೆ, ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಆ ಮಳೆ ಮಾರ್ಚಿನ ಬದಲು ಜನವರಿಯಲ್ಲಿ ಬಿದ್ದರೆ ಹಣ್ಣು ಕೊಯ್ಯುವ ಗಿಡದಲ್ಲೇ ಹೂ ಅರಳಿ ಬೆಳೆಗಾರರ ನಿದ್ದೆ ಹಾರುತ್ತದೆ. ಹೂವಿನ ತಪ್ಪಿಲ್ಲ, ಅದಕ್ಕೆ ಸಿಕ್ಕ ಸೂಚನೆಯೇ ಆ ದಿನದ್ದು. ಠಾಣೆಯ ಯೆವೂರ್, ಬೇಲಾಪುರದ ಪಾರ್ಸಿಕ್, ಖಾರ್‌ಘರ್ ಗುಡ್ಡಗಳಲ್ಲಿ ಗೆಡ್ಡೆಯ ಗಿಡಗಳು ಕಾಯುವುದೂ ಮೊದಲ ಮಳೆಗೇ. ನೆಲ ನೆನೆದು ಕೆಲವೇ ದಿನಗಳಲ್ಲಿ, ಎಲೆ ಪೂರ್ತಿ ಬಿಚ್ಚುವ ಮೊದಲೇ ಕೆಲವು ಹೂ ತೋರಿಸಿಬಿಡುತ್ತವೆ. ಮುಂಬೈಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11. 2025ರಲ್ಲಿ ಅದು ಮೇ 26ಕ್ಕೇ ಬಂತು. 1950ರಿಂದೀಚಿನ ದಾಖಲೆಯಲ್ಲಿ ಇಷ್ಟು ಮುಂಚೆ ಬಂದದ್ದಿಲ್ಲ. ಮಳೆಯನ್ನೇ ನಂಬಿದ ಗೆಡ್ಡೆಗೆ ಆ ವರ್ಷ ಜೂನ್ ಎಂಬುದು ಮೇಯಲ್ಲೇ ಶುರುವಾಗಿತ್ತು. ಬಹಾವಾ (ಕಕ್ಕೆ) ಅರಳಿ ನಲವತ್ತೈದು ದಿನಕ್ಕೆ ಮಳೆ ಎಂದು ಬೆರಳು ಮಡಚುವ ಹಿರಿಯರು ಆ ವರ್ಷ ಹಿಂದೆ ಬಿದ್ದಿರಬಹುದು.

ಎಲೆ ಕಳೆದುಕೊಂಡಾಗಲೂ ಮರಗಳು ದಾರಿ ತಪ್ಪುತ್ತವೆ. 2018ರ ಅಕ್ಟೋಬರಿನಲ್ಲಿ ಜಪಾನಿನ ಹಲವೆಡೆ ಚೆರ್ರಿ ಮರಗಳು ಅರಳಿ ಸುದ್ದಿಯಾದವು. ಅವು ಅರಳಬೇಕಾದ್ದು ವಸಂತದಲ್ಲಿ. ಹಿಂದಿನ ವಾರಗಳಲ್ಲಿ ಬೀಸಿದ ಚಂಡಮಾರುತಗಳು ಎಲೆಗಳನ್ನು ಕಿತ್ತೊಯ್ದಿದ್ದವು. ಬೇಸಿಗೆಯಲ್ಲೇ ತಯಾರಾದ ಮೊಗ್ಗನ್ನು ಚಳಿಗಾಲ ಮುಗಿಯುವವರೆಗೆ ಮಲಗಿಸಿಡುವ ರಾಸಾಯನಿಕ ಬರುವುದು ಎಲೆಯಿಂದ. ಎಲೆಯೇ ಹೋದ ಮೇಲೆ ಮಲಗಿಸುವವರಿಲ್ಲ. ಮೇಲೆ ನಾಲ್ಕು ದಿನ ಬೆಚ್ಚನೆಯ ಬಿಸಿಲು ಬಿದ್ದರೆ ಮೊಗ್ಗು ವಸಂತ ಬಂತೆಂದು ಮೋಸಹೋಗುತ್ತದೆ. ನಮ್ಮ ಮರಗಳ ಒಳಗಿನ ಲೆಕ್ಕಾಚಾರ ಜಪಾನಿನ ಚೆರ್ರಿಯದ್ದೇ ಎನ್ನಲಾಗದು. ಆದರೂ ಚಂಡಮಾರುತಕ್ಕೋ ಗರಗಸಕ್ಕೋ ಸಿಕ್ಕ ಮರವನ್ನು ಮುಂದಿನ ಕೆಲವು ತಿಂಗಳು ಬೇರೆಯಾಗಿಯೇ ನೋಡಬೇಕು. ಖಾಡಿಯ ತಿವರ ಮರಗಳಿಗೆ ಮಳೆಗಾಲದ ಕೊನೆಯಲ್ಲಿ ಕಂಬಳಿಹುಳ ಬಂದು ಎಲೆ ಮೇಯ್ದು, ದೂರದಿಂದ ಕಾಡು ಸುಟ್ಟಂತೆ ಕಾಣುವುದುಂಟು. ತೇಗದ ಎಲೆ ತಿನ್ನುವ ಹುಳವೇ ಇದು. ಮರ ಸತ್ತಿಲ್ಲ, ವಾರಗಳಲ್ಲಿ ಮತ್ತೆ ಚಿಗುರುತ್ತದೆ.

ಒಂದೇ ಜಿಲ್ಲೆಯ ಒಳಗೂ ಹೊತ್ತು ಒಂದೇ ಅಲ್ಲ. ಡೊಂಬಿವಲಿಯ ಮೋಟಾಗಾಂವ್ ರೇತಿಬಂದರ್, ಕಲ್ಯಾಣದ ದುರ್ಗಾಡಿ ಕೋಟೆಯ ಕೆಳಗಿನ ದಂಡೆ ಇವೆಲ್ಲ ಉಲ್ಹಾಸ ನದಿಯ ಅಳಿವೆ; ನೆರೂಲಿಗಿಂತ ನೀರು ಸಿಹಿ, ಸಮುದ್ರ ದೂರ. ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಕೊಲಾಬಾದವರು ಫ್ಯಾನು ಹಾಕಿ ಮಲಗಿದರೆ ಕಲ್ಯಾಣ, ಬದ್ಲಾಪುರದವರು ಕಂಬಳಿ ಹುಡುಕುತ್ತಾರೆ. ಮಾವಿಗೆ ಹೂ ಬಿಡಲು ರಾತ್ರಿಯ ತಂಪೇ ಪ್ರೇರಣೆ. ಹಾಗಾಗಿ ಕಲ್ಯಾಣದ ಮಾವು ಹೂ ಬಿಟ್ಟಾಗ ನೆರೂಲಿನ ಮಾವು ಬರಿದಾಗಿದ್ದರೆ ಎರಡೂ ಸರಿಯಾಗಿಯೇ ಇವೆ.

ಪಂಚಾಂಗದ ತಂಟೆ ಇನ್ನೊಂದು. ನಾವು ಹೂವನ್ನು ಹಬ್ಬದ ಜೊತೆ ಕಟ್ಟಿಟ್ಟಿದ್ದೇವೆ. ಗಣೇಶನ ಹಬ್ಬದ ಹೊತ್ತಿಗೆ ಈ ಗುಡ್ಡಗಳ ತುಂಬ ತೇರಡಾ, ನಮ್ಮ ಮಲೆನಾಡಿನ ಗೌರಿಹೂವಿನ ಬಳಗದ್ದು. ಇಲ್ಲಿನ ಹಲವು ಮರಾಠಿ ಮನೆಗಳಲ್ಲಿ ಗೌರಿಯನ್ನು ಕೂರಿಸುವುದೇ ತೇರಡಾ ಗಿಡದಲ್ಲಿ. ಅದರ ಬಣ್ಣ ಮೂರೇ ದಿನ ಎಂದು ಮರಾಠಿಯಲ್ಲಿ ಗಾದೆಯೂ ಇದೆ. ಆದರೆ ಗಣೇಶ ಚತುರ್ಥಿ 2023ರಲ್ಲಿ ಬಂದದ್ದು ಸೆಪ್ಟೆಂಬರ್ 19ಕ್ಕೆ, ಆ ವರ್ಷ ಅಧಿಕ ಶ್ರಾವಣವಿತ್ತು. 2025ರಲ್ಲಿ ಆಗಸ್ಟ್ 27ಕ್ಕೆ. ನಡುವೆ ಮೂರು ವಾರಕ್ಕೂ ಹೆಚ್ಚಿನ ಅಂತರ. ತೇರಡಾಕ್ಕೆ ಅಧಿಕಮಾಸ ಗೊತ್ತಿಲ್ಲ. ಹಬ್ಬ ಹಿಂದೆ ಬಂದ ವರ್ಷ ಹೂವಿನ್ನೂ ಬಿಟ್ಟಿಲ್ಲ ಎಂದೂ ಮುಂದೆ ಹೋದ ವರ್ಷ ಹೂ ಆಗಲೇ ಮುಗಿಯಿತು ಎಂದೂ ಗೊಣಗುವವರು ನಾವೇ. ಬಿಸು ಸೌರಮಾನದ ಹಬ್ಬ, ಏಪ್ರಿಲ್ ನಡುವಿನಿಂದ ಕದಲುವುದಿಲ್ಲ. ಆದ್ದರಿಂದ ಕಕ್ಕೆಯ ಹಿಂದುಮುಂದನ್ನು ಅಳೆಯಲು ಗಣೇಶನಿಗಿಂತ ಬಿಸುವೇ ನಂಬಿಕಸ್ಥ.

ಹಾಗಾದರೆ ಏನೂ ಬದಲಾಗಿಲ್ಲವೇ? ಆಗಿದೆ. ಕ್ಯೋಟೋದಲ್ಲಿ ಚೆರ್ರಿ ಅರಳಿದ ದಿನಗಳನ್ನು ಅರಮನೆಯವರೂ ಸನ್ಯಾಸಿಗಳೂ ಬರೆದಿಟ್ಟ ದಿನಚರಿಗಳಿಂದ ವಿಜ್ಞಾನಿಗಳು ಹೆಕ್ಕಿದ್ದಾರೆ. ದಾಖಲೆ ಒಂಬತ್ತನೆಯ ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ. 2021ರಲ್ಲಿ ಮಾರ್ಚ್ 26ಕ್ಕೆ ಪೂರ್ತಿ ಅರಳಿದ್ದು 1,200 ವರ್ಷಗಳಲ್ಲಿ ಅಲ್ಲಿಯವರೆಗಿನ ಅತಿ ಬೇಗನೆಯ ದಿನ. ಬ್ರಿಟನ್ ಮತ್ತು ಐರ್ಲೆಂಡಿನ ಸಸ್ಯಪ್ರಿಯರು 2012ರಿಂದ ಹೊಸ ವರ್ಷದ ಕೊರೆಯುವ ಚಳಿಯಲ್ಲಿ ಹೊರಟು ಯಾವ ಕಾಡುಹೂಗಳು ಅರಳಿವೆ ಎಂದು ಲೆಕ್ಕ ಹಾಕುತ್ತಾರೆ. ಹಳೆಯ ಪುಸ್ತಕಗಳ ಪ್ರಕಾರ ಆಗ ಇಪ್ಪತ್ತು ಮೂವತ್ತು ಜಾತಿ ಸಿಕ್ಕರೆ ಹೆಚ್ಚು. ಚಳಿ ಸೊರಗಿದ್ದ 2016ರಲ್ಲಿ ಸಿಕ್ಕವು 600ಕ್ಕೂ ಹೆಚ್ಚು. ಹುಡುಕುವವರು ಹೆಚ್ಚಿದ್ದೂ ಅದಕ್ಕೊಂದು ಕಾರಣ ಎಂಬುದನ್ನು ಮರೆಯಬಾರದು.

ನಮ್ಮಲ್ಲಿ ಅಂಥ ದಿನಚರಿಯ ರಾಶಿ ಇಲ್ಲ. ಪೂರಾ ಬರಿಗೈಯೂ ಅಲ್ಲ. ಥಿಯೊಡೋರ್ ಕುಕ್ ಎಂಬಾತ ಮುಂಬೈ ಪ್ರಾಂತದ ಸಸ್ಯಗಳ ಮೇಲೆ ಬರೆದ ದೊಡ್ಡ ಗ್ರಂಥ 1901ರಿಂದ 1908ರ ನಡುವೆ ಕಂತುಕಂತಾಗಿ ಹೊರಬಂತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಆಗ ಅದೇ ಪ್ರಾಂತದಲ್ಲಿದ್ದುದರಿಂದ ಠಾಣೆಯ ಗಿಡವೂ ಕಾರವಾರದ ಗಿಡವೂ ಅಲ್ಲಿ ಒಂದೇ ಪುಟದಲ್ಲಿ ಸಿಗುತ್ತವೆ, ಅನೇಕ ಕಡೆ ಹೂ ಬಿಡುವ ತಿಂಗಳ ಸಮೇತ. ಸೇಂಟ್ ಝೇವಿಯರ್ಸ್ ಕಾಲೇಜಿನ ಜೆಸ್ವಿಟ್ ಪಾದ್ರಿ ಎಥೆಲ್ಬರ್ಟ್ ಬ್ಲ್ಯಾಟರ್ ಈ ಪ್ರಾಂತದ ಕಾಂಡ್ಲಾ ಗಿಡಗಳ ಬಗ್ಗೆ 1905ರಲ್ಲೇ ಬರೆದರು. ಅವರ ಹೆಸರಿನ ಸಸ್ಯಸಂಗ್ರಹ ಇಂದಿಗೂ ಕಾಲೇಜಿನಲ್ಲಿದೆ. ಒಣಗಿಸಿ ಹಾಳೆಗೆ ಅಂಟಿಸಿದ ಟೊಂಗೆ, ಅದರಲ್ಲಿ ಹೂ, ಮೂಲೆಯಲ್ಲಿ ಊರು ಮತ್ತು ತಾರೀಕು: ಸಸ್ಯಸಂಗ್ರಹದ ಇಂಥ ಒಂದು ಹಾಳೆ "ನಮ್ಮ ಕಾಲದಲ್ಲಿ ಹೀಗಿರಲಿಲ್ಲ" ಎಂಬ ನೂರು ಮಾತಿಗಿಂತ ಗಟ್ಟಿ.

ಈಚೆಗೆ ಈ ಕೆಲಸ ಜನರ ಕೈಗೂ ಬಂದಿದೆ. ಸೀಸನ್‌ವಾಚ್ ಎಂಬ ಯೋಜನೆ ದಶಕಕ್ಕೂ ಹೆಚ್ಚು ಕಾಲದಿಂದ ದೇಶದ ಸಾಮಾನ್ಯ ಮರಗಳ ಲೆಕ್ಕ ಇಡುತ್ತಿದೆ. ಮಾಡಬೇಕಾದ್ದು ಇಷ್ಟೆ: ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ಎಲೆ, ಹೂ, ಕಾಯಿ ಇಲ್ಲವೋ, ಕೆಲವಿದೆಯೋ, ತುಂಬ ಇದೆಯೋ ಎಂದು ಗುರುತು ಹಾಕುವುದು. ಕೇರಳದ ಶಾಲೆಮಕ್ಕಳು ಇದರಲ್ಲಿ ಎಲ್ಲರಿಗಿಂತ ಮುಂದಿದ್ದಾರೆ, ವಿಷು ಹಬ್ಬದ ಕಕ್ಕೆ ಹೂ ಅವರ ಅಚ್ಚುಮೆಚ್ಚು. ಕುತೂಹಲದ ವಿಷಯವೆಂದರೆ ಇಲ್ಲಿ "ಹೂ ಇಲ್ಲ" ಎಂಬ ವಾರಕ್ಕೂ ಅಷ್ಟೇ ಬೆಲೆ. ಹೊತ್ತಲ್ಲದ ಹೂವನ್ನು ಎಲ್ಲರೂ ಫೋಟೊ ತೆಗೆಯುತ್ತಾರೆ, ಬರಿದಾದ ಮರವನ್ನು ಯಾರೂ ತೆಗೆಯುವುದಿಲ್ಲ. ಫೋಟೊಗಳನ್ನಷ್ಟೇ ನಂಬಿದರೆ ಎಲ್ಲ ಮರಗಳೂ ಸದಾ ಹೊತ್ತು ತಪ್ಪಿಯೇ ಅರಳುತ್ತವೆ ಎಂಬ ಭ್ರಮೆ ಹುಟ್ಟುತ್ತದೆ.

ನವಿ ಮುಂಬೈಯವರಿಗೆ ನೋಡಲು ಜಾಗಕ್ಕೆ ಬರವಿಲ್ಲ. ಠಾಣೆ ಖಾಡಿಯ 1,690 ಹೆಕ್ಟೇರ್ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಂಡ್ಲಾ ಕಾಡು. 2022ರಲ್ಲಿ ಜೌಗುನೆಲಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೂ ಸೇರಿತು. ಐರೋಳಿಯ ಜೀವವೈವಿಧ್ಯ ಕೇಂದ್ರಕ್ಕೆ ಬರುವವರಲ್ಲಿ ಹೆಚ್ಚಿನವರು ದೋಣಿ ಹತ್ತಿ ಗುಲಾಬಿ ಹಕ್ಕಿ ನೋಡಿ ಹೊರಟುಬಿಡುತ್ತಾರೆ. ದಂಡೆಯ ಮಾರಾಂಡಿಯ ಕಡೆ ತಿರುಗಿ ನೋಡುವವರು ಕಡಿಮೆ. ಫ್ಲೆಮಿಂಗೊ ಇಲ್ಲದ ತಿಂಗಳಲ್ಲೂ ಅದು ಅಲ್ಲೇ ಇರುತ್ತದೆ.

ಹೊತ್ತು ತಪ್ಪುವ ಹೂವಿಗೆ ನಿಜವಾದ ಪರೀಕ್ಷೆ ಖಾಡಿಯಿಂದ ಕಣ್ಣೆತ್ತಿದರೆ ಕಾಣುವ ಯೆವೂರ್ ಗುಡ್ಡದಲ್ಲಿದೆ. ಅಲ್ಲಿ ಹೇರಳವಾಗಿ ಬೆಳೆಯುವ ಕಾರ್ವಿ, ಚಿಕ್ಕಮಗಳೂರಿನ ಕುರಿಂಜಿಯ ಹತ್ತಿರದ ಸಂಬಂಧಿ, ಏಳು ವರ್ಷ ಎಲೆ ಬಿಟ್ಟುಕೊಂಡು ಸುಮ್ಮನಿದ್ದು ಎಂಟನೆಯ ವರ್ಷ ಗುಡ್ಡಕ್ಕೆ ಗುಡ್ಡವೇ ನೇರಳೆಯಾಗುವಂತೆ ಅರಳಿ, ಬೀಜ ಕಟ್ಟಿ ಸಾಯುತ್ತದೆ. 2008, 2016, 2024 ಹೀಗೆ ಸರದಿ ನಡೆದುಬಂದಿದೆ. ನಡುವಿನ ವರ್ಷಗಳಲ್ಲಿ ಅಲ್ಲೊಂದು ಇಲ್ಲೊಂದು ಪೊದೆ ಸಾಲು ತಪ್ಪಿ ಅರಳುವುದುಂಟು. ಮುಂದಿನ ಸರದಿ 2032ಕ್ಕೆ. ಅಲ್ಲಿಯವರೆಗೆ ಯೆವೂರ್ ಹತ್ತಿದವರಿಗೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಒಂಟಿ ಕಾರ್ವಿ ಹೂ ಕಂಡರೆ ಜಾಗ ಮತ್ತು ತಾರೀಕು ಬರೆದುಕೊಳ್ಳಬೇಕು, ಪೊದೆಯ ಸುತ್ತಲಿನ ಅರಳದ ಪೊದೆಗಳ ಲೆಕ್ಕ ಸಮೇತ.